ಕೊಂಡಿ ಸಿಗದಿದ್ದರೆ ಸೀಮೆ ಹುಡುಕಿ: ಇಂಗ್ಲಿಷ್ ಪದಸರಪಳಿ ಒಗಟುಗಳ ಬಗ್ಗೆ ಟಿಪ್ಪಣಿ

ಇಂಗ್ಲಿಷ್ ಪದಸರಪಳಿ ಬಿಡಿಸುವಾಗ ನಡುವೆ ಎಲ್ಲೋ ಸಿಕ್ಕಿಕೊಂಡರೆ, ನಮ್ಮ ಹತ್ತಿರ ಪದಗಳೇ ಕಡಿಮೆ ಅಂತ ಅನಿಸಿಬಿಡುತ್ತದೆ. ಎಷ್ಟೋ ಸಲ ಅದು ನಿಜವಲ್ಲ. ಪದ ಚೆನ್ನಾಗಿಯೇ ಗೊತ್ತಿರುತ್ತದೆ. ಆ ಎರಡು ಪದಗಳನ್ನು ಜೋಡಿಸಿ ಮಾತಾಡುವ ಜನ ಮಾತ್ರ ಬೇರೆ ಸೀಮೆಯವರು. ಈ ಟಿಪ್ಪಣಿ ಪೂರ್ತಿ ಆ ಒಂದು ವಿಷಯದ ಬಗ್ಗೆಯೇ.

ಮೊದಲು ಯಾವ ಆಟ ಅಂತ ತಿಳಿದುಕೊಳ್ಳೋಣ. ಪದಸರಪಳಿ ಅನ್ನುವ ಹೆಸರಿನಲ್ಲಿ ಮೂರು ಆಟಗಳು ಓಡಾಡುತ್ತವೆ. ಮೊದಲನೆಯದು, ಹಿಂದಿನ ಪದ ಮುಗಿದ ಅಕ್ಷರದಿಂದ ಮುಂದಿನ ಪದ ಹೇಳುವುದು, ಅಂತ್ಯಾಕ್ಷರಿ ತರಹ. ಜಪಾನಿನ ಶಿರಿತೋರಿ ಇದೇ ಜಾತಿಯದು. ಅಲ್ಲಿ 'ನ್' ಅಂತ ಮುಗಿಯುವ ಪದ ಹೇಳಿದವರು ಸೋತ ಹಾಗೆ.

ಎರಡನೆಯದು ಪದಗಳ ಏಣಿ. ಒಂದು ಸಲಕ್ಕೆ ಒಂದೇ ಅಕ್ಷರ ಬದಲಿಸುತ್ತಾ ಒಂದು ಪದದಿಂದ ಇನ್ನೊಂದಕ್ಕೆ ಹೋಗಬೇಕು: ಕ್ಯಾಟ್, ಕಾಟ್, ಡಾಟ್, ಡಾಗ್. ಇದನ್ನು 1877ರ ಕ್ರಿಸ್‌ಮಸ್ ಹೊತ್ತಿಗೆ ಕಟ್ಟಿದವರು 'ಆಲಿಸ್ ಇನ್ ವಂಡರ್‌ಲ್ಯಾಂಡ್' ಬರೆದ ಲೂಯಿಸ್ ಕ್ಯಾರಲ್. 1879ರಲ್ಲಿ ಲಂಡನ್ನಿನ ವ್ಯಾನಿಟಿ ಫೇರ್ ಪತ್ರಿಕೆಯಲ್ಲಿ ಇದು 'ಡಬ್ಲೆಟ್ಸ್' ಅನ್ನುವ ಹೆಸರಿನಲ್ಲಿ ಬರತೊಡಗಿತು. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಐದಕ್ಷರದ 5757 ಇಂಗ್ಲಿಷ್ ಪದಗಳನ್ನು ಹೀಗೆ ಜೋಡಿಸಿ ನೋಡಿದಾಗ 671 ಪದಗಳಿಗೆ ಒಂದೇ ಅಕ್ಷರ ಬೇರೆ ಇರುವ ಜೊತೆಪದ ಒಂದೂ ಸಿಗಲಿಲ್ಲ. ಒಂಟಿಯಾಗಿ ದೂರ ಉಳಿಯುವುದಕ್ಕೆ ಇಂಗ್ಲಿಷಿನಲ್ಲಿ 'ಅಲೂಫ್' ಅನ್ನುತ್ತಾರಲ್ಲ, ಆ ಪದವೂ ಈ 671ರಲ್ಲಿ ಒಂದು. ನನಗೆ ಇದು ಬಹಳ ಇಷ್ಟ.

ಈ ಎರಡು ಆಟಗಳಿಗೆ ಸ್ಪೆಲಿಂಗ್ ಗೊತ್ತಿದ್ದರೆ ಸಾಕು. ಮೂರನೆಯದು ಹಾಗಲ್ಲ. ಅಲ್ಲಿ ಪಕ್ಕಪಕ್ಕದ ಎರಡು ಪದ ಸೇರಿ ಜನ ನಿಜವಾಗಿ ಬಳಸುವ ಜೋಡಿಯಾಗಬೇಕು. ಸ್ಪೋರ್ಟ್ಸ್, ಕಾರ್, ಪಾರ್ಕ್, ಬೆಂಚ್, ಮಾರ್ಕ್. ಸ್ಪೋರ್ಟ್ಸ್ ಕಾರ್, ಕಾರ್ ಪಾರ್ಕ್, ಪಾರ್ಕ್ ಬೆಂಚ್, ಬೆಂಚ್‌ಮಾರ್ಕ್. ಸಾಮಾನ್ಯವಾಗಿ ಮೊದಲ ಮತ್ತು ಕೊನೆಯ ಪದ ಕೊಟ್ಟು, ನಡುವಿನವಕ್ಕೆ ಮೊದಲ ಅಕ್ಷರ ಮಾತ್ರ ಕೊಡುತ್ತಾರೆ. ಈಗ ಇದೇ ಸರಪಳಿಯನ್ನು ಒಬ್ಬ ಅಮೆರಿಕನ್ ಓದುಗರ ಮುಂದೆ ಇಡಿ. ಕಾರ್ ಆದಮೇಲೆ ಅವರು ತಡವರಿಸುತ್ತಾರೆ. ಕಾರು ನಿಲ್ಲಿಸುವ ಜಾಗ ಅವರಿಗೆ 'ಪಾರ್ಕಿಂಗ್ ಲಾಟ್'. 'ಕಾರ್ ಪಾರ್ಕ್' ಅನ್ನುವುದು ಬ್ರಿಟನ್ನಿನ ಮಾತು.

ಈಗ ನಾವು ತಡವರಿಸುವ ಕಡೆ ನೋಡೋಣ. ಕೊಟ್ಟಿರುವುದು ಇಷ್ಟು: ಗ್ಯಾಸ್, ಆಮೇಲೆ ಎಸ್ ಅಕ್ಷರದ ಒಂದು ಪದ, ಡಬ್ಲ್ಯು ಅಕ್ಷರದ ಒಂದು ಪದ, ವೀಲ್, ಚೇರ್. ಗ್ಯಾಸ್ ಅಂದಕೂಡಲೇ ನಮಗೆ ಹೊಳೆಯುವುದು ಸ್ಟವ್. ಎಸ್ ಕೂಡ ಹೊಂದುತ್ತದೆ. ಆದರೆ ಸ್ಟವ್ ಆದಮೇಲೆ ಡಬ್ಲ್ಯು ಅಕ್ಷರದ್ದು ಏನೂ ಬರುವುದಿಲ್ಲ. ಸರಿ, ಹಿಂದಿನಿಂದ ಬರೋಣ. ವೀಲ್‌ಚೇರ್ ಆಯಿತು. ವೀಲ್ ಮುಂಚೆ ಡಬ್ಲ್ಯು ಅಂದರೆ ವಾಟರ್ ವೀಲ್ ಇರಬಹುದು. ಅದಕ್ಕೂ ಮುಂಚೆ ಸಾಲ್ಟ್ ವಾಟರ್, ಸೋಡಾ ವಾಟರ್. ಎಸ್ ಸಿಕ್ಕಿತು. ಆದರೆ ಗ್ಯಾಸ್ ಸಾಲ್ಟ್, ಗ್ಯಾಸ್ ಸೋಡಾ ಅಂತ ಯಾರೂ ಅನ್ನುವುದಿಲ್ಲವಲ್ಲ. ಇಲ್ಲಿ ಸುಮ್ನೆ ಇನ್ನಷ್ಟು ಪದ ಎಸೆಯುತ್ತಾ ಕೂತರೆ ಪ್ರಯೋಜನವಿಲ್ಲ. ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು: ಗ್ಯಾಸ್ ಅಂದರೆ ಬೇರೆ ಅರ್ಥ ಬರುವ ಸೀಮೆ ಯಾವುದು? ಅಮೆರಿಕದಲ್ಲಿ ಪೆಟ್ರೋಲಿಗೆ ಗ್ಯಾಸ್ ಅನ್ನುತ್ತಾರೆ. ಗ್ಯಾಸ್ ಸ್ಟೇಷನ್! ಆ ಸೀಮೆಯಲ್ಲೇ ನಿಂತು ಮುಂದೆ ನೋಡಿದರೆ ಸ್ಟೇಷನ್ ವ್ಯಾಗನ್, ವ್ಯಾಗನ್ ವೀಲ್. ಹಿಂಭಾಗ ಉದ್ದ ಇರುವ ಆ ಕಾರಿಗೆ ಬ್ರಿಟನ್ನಿನಲ್ಲಿ ಎಸ್ಟೇಟ್ ಕಾರ್ ಅನ್ನುತ್ತಾರೆ. ಹಾಗಾಗಿ ಈ ಸರಪಳಿಯ ಮೊದಲ ಎರಡು ಕೊಂಡಿಯೂ ಅಮೆರಿಕದವೇ.

ಇದರಲ್ಲಿ ಒಂದು ಉಪಯೋಗದ ಸೂತ್ರ ಇದೆ. ಒಂದು ಕೊಂಡಿ ಯಾವ ಸೀಮೆಯದು ಅಂತ ಗೊತ್ತಾದರೆ, ಉಳಿದ ಕೊಂಡಿಗಳನ್ನೂ ಅದೇ ಸೀಮೆಯಲ್ಲಿ ಮೊದಲು ಹುಡುಕಿ. ಒಗಟು ಕಟ್ಟುವವರು ತಮ್ಮ ಬಾಯಿಗೆ ಬರುವ ಇಂಗ್ಲಿಷಿನಲ್ಲೇ ಕಟ್ಟುತ್ತಾರೆ. ಫೋನ್ ಆದಮೇಲೆ ಬಾಕ್ಸ್ ಬಂದರೆ ಬ್ರಿಟನ್, ಬೂತ್ ಬಂದರೆ ಅಮೆರಿಕ. ಬಾಕ್ಸ್ ಮುಂಚೆ ಪೋಸ್ಟ್ ಇದ್ದರೆ ಬ್ರಿಟನ್, ಮೇಲ್ ಇದ್ದರೆ ಅಮೆರಿಕ. ಟೌನ್ ಮುಂಚೆ ಡೌನ್ ಇದ್ದರೆ ಅದೂ ಅಮೆರಿಕವೇ. ಊರಿನ ನಡುಭಾಗಕ್ಕೆ ಬ್ರಿಟನ್ನಿನವರು ಟೌನ್ ಸೆಂಟರ್ ಅಂತಲೋ ಸಿಟಿ ಸೆಂಟರ್ ಅಂತಲೋ ಹೇಳುತ್ತಾರೆ.

'ಇಂಗ್' ಬಾಲ

ಹೀಗೆ ಪದವೇ ಬೇರೆ ಇದ್ದರೆ ಕಣ್ಣಿಗೆ ಬೀಳುತ್ತದೆ. ಕಷ್ಟ ಇರುವುದು ಪದ ಅದೇ ಇದ್ದು ಬಾಲ ಮಾತ್ರ ಬೇರೆ ಇರುವ ಕಡೆ. ಇದನ್ನು ಹೇಳಿಕೊಡುವವರು ಕಡಿಮೆ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಬ್ರಿಟನ್ನಿನಲ್ಲಿ ಸೇಲಿಂಗ್ ಬೋಟ್, ಅಮೆರಿಕದಲ್ಲಿ ಸೇಲ್‌ಬೋಟ್. ಅಲ್ಲಿ, ಅಂದರೆ ಬ್ರಿಟನ್ನಿನಲ್ಲಿ, ರೋಯಿಂಗ್ ಬೋಟ್, ಇಲ್ಲಿ, ಅಂದರೆ ಅಮೆರಿಕದಲ್ಲಿ, ರೋಬೋಟ್. ಯಂತ್ರಮಾನವ ಅಲ್ಲ, ಹುಟ್ಟು ಹಾಕುವ ದೋಣಿ. ಅಲ್ಲಿ ಡಯಲಿಂಗ್ ಟೋನ್, ಇಲ್ಲಿ ಡಯಲ್ ಟೋನ್. ಅಲ್ಲಿ ರೇಸಿಂಗ್ ಕಾರ್, ಇಲ್ಲಿ ರೇಸ್ ಕಾರ್. ಮಕ್ಕಳು ಜಿಗಿಯುವ ಹಗ್ಗ ಅಲ್ಲಿ ಸ್ಕಿಪ್ಪಿಂಗ್ ರೋಪ್, ಇಲ್ಲಿ ಜಂಪ್ ರೋಪ್. ಬ್ರಿಟನ್ನಿನವರು 'ಇಂಗ್' ಹಚ್ಚಿ ಹೇಳುವ ಕಡೆ ಅಮೆರಿಕದವರು ಬರೀ ಕ್ರಿಯಾಪದವನ್ನೇ ಇಡುವುದು ಹೀಗೆ ಮತ್ತೆಮತ್ತೆ ಕಾಣುತ್ತದೆ. ಎಲ್ಲ ಕಡೆಯೂ ಹೀಗೇ ಅಲ್ಲ. ಸ್ವಿಮ್ಮಿಂಗ್ ಪೂಲ್, ವಾಷಿಂಗ್ ಮೆಷಿನ್ ಎರಡೂ ಕಡೆ ಒಂದೇ.

ಸರಪಳಿಯಲ್ಲಿ ಇದರ ಪರಿಣಾಮ ಏನು? ಬಾಲವಿಲ್ಲದ ಪದ ಎರಡೂ ಕಡೆ ಸುಲಭವಾಗಿ ಅಂಟಿಕೊಳ್ಳುತ್ತದೆ. 'ಜಂಪ್' ತಗೊಳ್ಳಿ. ಲಾಂಗ್ ಜಂಪ್, ಜಂಪ್ ರೋಪ್. ಹಾಗಾಗಿ ಲಾಂಗ್, ಜಂಪ್, ರೋಪ್ ಅಂತ ಅಮೆರಿಕದಲ್ಲಿ ಸರಪಳಿ ಸಲೀಸಾಗಿ ಹೋಗುತ್ತದೆ. 'ಸ್ಕಿಪ್ಪಿಂಗ್' ಮುಂಚೆ ಏನು ಹಾಕುತ್ತೀರಿ? ಏನೂ ಹೊಳೆಯುವುದಿಲ್ಲ. ಕುದುರೆ ಪಂದ್ಯ ಮಾತ್ರ ಎರಡೂ ರೂಪಕ್ಕೆ ಒಗ್ಗಿಕೊಳ್ಳುತ್ತದೆ: ಹಾರ್ಸ್, ರೇಸ್, ಕಾರ್ ಸರಿ, ಹಾರ್ಸ್, ರೇಸಿಂಗ್, ಕಾರ್ ಕೂಡ ಸರಿ. ಕೊಟ್ಟಿರುವುದು ಆರ್ ಅಕ್ಷರ ಮಾತ್ರ ಆದರೆ ಎರಡಕ್ಕೂ ಅಂಕ ಕೊಡಬೇಕು, ಅದು ನನ್ನ ಅಭಿಪ್ರಾಯ. ಈ ಸರಪಳಿ ಮುಂದೆ ಕಾರ್‌ಪೂಲ್, ಪೂಲ್ ಟೇಬಲ್ ಅಂತ ಹೋದರೆ ಕಟ್ಟಿದವರು ಅಮೆರಿಕದವರು ಅಂತ ಊಹಿಸಬಹುದು. ಬ್ರಿಟನ್ನಿನಲ್ಲಿ ಕಾರ್ ಶೇರಿಂಗ್ ಅನ್ನುವುದು ರೂಢಿ. ಮತ್ತೆ ಅದೇ 'ಇಂಗ್', ನೋಡಿ.

ಸಣ್ಣ ಪದಗಳು

ಇನ್, ಔಟ್, ಆನ್, ಅಪ್. ಇವುಗಳನ್ನು ನಾವು ಕಲಿಯುವಾಗಲೇ ಸರಿ ತಪ್ಪು ಅಂತ ಕಲಿತಿರುತ್ತೇವೆ. ಆದರೆ ಅರ್ಜಿ ತುಂಬುವುದಕ್ಕೆ ಬ್ರಿಟನ್ನಿನಲ್ಲಿ ಫಿಲ್ ಇನ್, ಅಮೆರಿಕದಲ್ಲಿ ಹೆಚ್ಚಾಗಿ ಫಿಲ್ ಔಟ್. ಎರಡೂ ಸರಿ. ವಾರದ ಕೊನೆಗೆ ಅನ್ನಲು ಬ್ರಿಟನ್ನಿನವರು 'ಆಟ್', ಅಮೆರಿಕದವರು 'ಆನ್' ಬಳಸುತ್ತಾರೆ. ಸಾಲಿನಲ್ಲಿ ನಿಲ್ಲುವುದು ಅಮೆರಿಕದ ಬಹುಪಾಲು ಕಡೆ 'ಇನ್ ಲೈನ್', ನ್ಯೂಯಾರ್ಕ್ ನಗರದ ಸುತ್ತ ಮಾತ್ರ 'ಆನ್ ಲೈನ್'. ಇಂಟರ್‌ನೆಟ್ ಬರುವ ಮೊದಲಿಂದಲೂ ಅವರು ಹಾಗೇ ಹೇಳುತ್ತಿದ್ದಾರೆ.

ಫಿಲ್ ಇಂದ ವಾಕ್‌ವರೆಗೆ ಹೋಗುವ ಈ ಸರಪಳಿ ನೋಡಿ: ಫಿಲ್, ಖಾಲಿ ಜಾಗ, ಸೈಡ್, ವಾಕ್. ಬ್ರಿಟನ್ನಿನವರು ಇನ್ ಅಂತ ತುಂಬುತ್ತಾರೆ, ಇನ್‌ಸೈಡ್ ಆಗುತ್ತದೆ. ಅಮೆರಿಕದವರು ಔಟ್ ಅಂತ ತುಂಬುತ್ತಾರೆ, ಔಟ್‌ಸೈಡ್ ಆಗುತ್ತದೆ. ಎರಡೂ ಸೈಡಿಗೇ ಬಂದು ಸೇರಿದವು. ಮುಂದಿನ ಸೈಡ್‌ವಾಕ್ ಮಾತ್ರ ಅಮೆರಿಕದ ಪದ. ಬ್ರಿಟನ್ನಿನಲ್ಲಿ ಪಾದಚಾರಿ ದಾರಿಗೆ ಪೇವ್‌ಮೆಂಟ್ ಅನ್ನುತ್ತಾರೆ, ಅಮೆರಿಕದಲ್ಲಿ ಪೇವ್‌ಮೆಂಟ್ ಅಂದರೆ ವಾಹನ ಓಡುವ ರಸ್ತೆಯ ಮೇಲ್ಮೈ. ಒಗಟಿನಲ್ಲಿ ಇದರಿಂದ ಏನೂ ಆಗುವುದಿಲ್ಲ. ಆದರೆ 'ಪೇವ್‌ಮೆಂಟ್ ಮೇಲೆ ನಡೆಯಿರಿ' ಅನ್ನುವ ಮಾತು ಅಲ್ಲಿ ಅಪಾಯಕ್ಕೆ ದಾರಿ ಮಾಡಬಹುದು.

ಜೋಡಿ ಅದೇ ಇದ್ದು ಅರ್ಥ ಬದಲಾಗುವುದೂ ಉಂಟು. 'ವಾಷ್ ಅಪ್' ಅಂದರೆ ಬ್ರಿಟನ್ನಿನಲ್ಲಿ ಪಾತ್ರೆ ತೊಳೆಯುವುದು, ಅಮೆರಿಕದಲ್ಲಿ ಕೈ ಮುಖ ತೊಳೆಯುವುದು. 'ಫುಲ್ ಸ್ಟಾಪ್' ಬ್ರಿಟನ್ನಿನಲ್ಲಿ ವಾಕ್ಯದ ಕೊನೆಯ ಚುಕ್ಕಿ, ಅಮೆರಿಕದಲ್ಲಿ ಆ ಚುಕ್ಕಿಗೆ ಪೀರಿಯಡ್ ಅನ್ನುತ್ತಾರೆ. ಆದರೂ ಫುಲ್, ಸ್ಟಾಪ್, ವಾಚ್, ಡಾಗ್ ಅನ್ನುವ ಸರಪಳಿಯನ್ನು ಅಮೆರಿಕದವರೂ ಬಿಡಿಸುತ್ತಾರೆ. ಗಾಡಿ ಪೂರ್ತಿ ನಿಲ್ಲುವುದು ಅವರಿಗೂ ಫುಲ್ ಸ್ಟಾಪೇ.

ದೇಶದೊಳಗಿನ ಸೀಮೆಗಳು

ಇಲ್ಲಿಯವರೆಗೆ ಬ್ರಿಟನ್, ಅಮೆರಿಕ ಅಂತ ಎರಡೇ ಪಾಲು ಮಾಡಿದ್ದು ಅನುಕೂಲಕ್ಕೆ. ಒಳಗೆ ಹೋದರೆ ಇನ್ನೂ ಸೀಳುಗಳಿವೆ. ಕುಡಿಯುವ ನೀರು ಚಿಮ್ಮುವ ನಲ್ಲಿಗೆ ಅಮೆರಿಕದಲ್ಲಿ ಕೆಲವರು ವಾಟರ್ ಫೌಂಟನ್, ಕೆಲವರು ಡ್ರಿಂಕಿಂಗ್ ಫೌಂಟನ್ ಅನ್ನುತ್ತಾರೆ. ವಿಸ್ಕಾನ್ಸಿನ್‌ನ ಪೂರ್ವ ಭಾಗ ಮತ್ತು ರೋಡ್ ಐಲೆಂಡ್‌ನಲ್ಲಿ ಅದು 'ಬಬ್ಲರ್'. ಹಾಗಾಗಿ ವಾಟರ್, ಫೌಂಟನ್, ಪೆನ್, ನೈಫ್ ಅನ್ನುವ ಸರಪಳಿಯ ಮೊದಲ ಕೊಂಡಿ ಒಂದೇ ದೇಶದೊಳಗೂ ಎಲ್ಲರ ಬಾಯಲ್ಲಿ ಒಂದೇ ಥರ ಬರುವುದಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆ ಸಣ್ಣ ದುಂಡು ಬ್ರೆಡ್ಡಿಗೆ ಬ್ರೆಡ್‌ಕೇಕ್ ಅನ್ನುತ್ತಾರೆ. ಬ್ರೆಡ್, ಕೇಕ್, ವಾಕ್ ಅಂತ ಅಲ್ಲಿಯವರು ಕಟ್ಟಿದರೆ ಲಂಡನ್ನಿನವರೇ ಒದ್ದಾಡಬಹುದು. ಬ್ರೆಡ್, ರೋಲ್, ಕಾಲ್ ಅಂದರೆ ಎಲ್ಲರಿಗೂ ಸಿಗುತ್ತದೆ.

ಈ ವ್ಯತ್ಯಾಸಗಳನ್ನು ಕಲೆಹಾಕಿದ ಜನರ ಶ್ರಮ ದೊಡ್ಡದು. ಇಂಗ್ಲೆಂಡಿನಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ಮುಂದಾಳತ್ವದಲ್ಲಿ 1950ರಿಂದ 1961ರವರೆಗೆ 313 ಊರುಗಳಲ್ಲಿ ಸಮೀಕ್ಷೆ ನಡೆಯಿತು. ಅಮೆರಿಕದಲ್ಲಿ ಫ್ರೆಡರಿಕ್ ಕ್ಯಾಸಿಡಿ ಅವರ ತಂಡ 1965ರಿಂದ 1970ರವರೆಗೆ 1002 ಊರುಗಳಿಗೆ ಹೋಯಿತು. ಅವರು ಓಡಾಡಿದ ವ್ಯಾನುಗಳಿಗೆ 'ವರ್ಡ್ ವ್ಯಾಗನ್' ಅಂತ ಹೆಸರು. ಅದರಿಂದ ಹುಟ್ಟಿದ ಅಮೆರಿಕದ ಪ್ರಾದೇಶಿಕ ಇಂಗ್ಲಿಷ್ ನಿಘಂಟಿನ ಮೊದಲ ಸಂಪುಟ 1985ರಲ್ಲಿ ಬಂತು, ಕೊನೆಯ ಅಕ್ಷರ ಝೀ ಮುಟ್ಟಿದ ಐದನೆಯ ಸಂಪುಟ 2012ರಲ್ಲಿ. ಕ್ಯಾಸಿಡಿ 2000ದಲ್ಲೇ ತೀರಿಕೊಂಡಿದ್ದರು. ಅವರ ಸಮಾಧಿಯ ಕಲ್ಲಿನ ಮೇಲೆ 'ಆನ್ ಟು ಝೀ' ಅಂತ ಕೆತ್ತಿದ್ದಾರೆ.

ಬಿಡಿಸುವಾಗ

ಎರಡೂ ತುದಿಯಿಂದ ಬನ್ನಿ. ದಿಕ್ಕು ಮರೆಯಬೇಡಿ. ಹೌಸ್‌ಬೋಟ್, ಬೋಟ್‌ಹೌಸ್ ಎರಡೂ ಇವೆ, ಆದರೆ ಅಂಥವು ಅಪರೂಪ. ಲೈನ್, ಲೈಟ್, ಬೋರ್ಡ್, ಹೌಸ್, ವಾಟರ್, ಬುಕ್ ಇಂಥ ಪದಗಳಿಗೆ ಎಡಗಡೆ ಏನೇನು ಬರುತ್ತದೆ, ಬಲಗಡೆ ಏನೇನು ಬರುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡುತ್ತಾ ಹೋಗಿ. ಪ್ರತಿ ಜೋಡಿಯ ಪಕ್ಕ ಅದು ಯಾವ ಸೀಮೆಯದು ಅಂತ ಒಂದು ಅಕ್ಷರದ ಗುರುತು ಹಾಕಿ. ಈ ಗುರುತು ಒಗಟಿಗಿಂತ ಜಾಸ್ತಿ ಮಾತಿಗೆ ಉಪಯೋಗ. ಯಾರಾದರೂ ರೂಮ್‌ಮೇಟ್ ಅಂದಾಗ ಅಮೆರಿಕದಲ್ಲಿ ಅದು ಒಂದೇ ಮನೆ ಹಂಚಿಕೊಂಡವರೂ ಆಗಬಹುದು, ಕೋಣೆ ಬೇರೆ ಇದ್ದರೂ. ಬ್ರಿಟನ್ನಿನಲ್ಲಿ ಅವರು ಫ್ಲಾಟ್‌ಮೇಟ್ ಅಥವಾ ಹೌಸ್‌ಮೇಟ್.

ನೀವೇ ಸರಪಳಿ ಕಟ್ಟುವವರಾದರೆ ಒಂದು ವಿನಂತಿ. ಎರಡು ಸೀಮೆಗಳ ಕೊಂಡಿಯನ್ನು ಒಂದೇ ಸರಪಳಿಯಲ್ಲಿ ಬೆರೆಸಬೇಡಿ. ಝೀಬ್ರಾ, ಸಿ ಅಕ್ಷರದ ಒಂದು ಪದ, ಗಾರ್ಡ್ ಅಂತ ಕೊಟ್ಟರೆ ಉತ್ತರ ಕ್ರಾಸಿಂಗ್. ಝೀಬ್ರಾ ಕ್ರಾಸಿಂಗ್ ಬ್ರಿಟನ್ನಿನ ಮಾತು, ಅಮೆರಿಕದಲ್ಲಿ ಅದು ಕ್ರಾಸ್‌ವಾಕ್. ಕ್ರಾಸಿಂಗ್ ಗಾರ್ಡ್ ಅಮೆರಿಕದ ಮಾತು, ಶಾಲೆ ಮಕ್ಕಳನ್ನು ರಸ್ತೆ ದಾಟಿಸುವ ಆ ವ್ಯಕ್ತಿಗೆ ಬ್ರಿಟನ್ನಿನಲ್ಲಿ ಲಾಲಿಪಾಪ್ ಮ್ಯಾನ್ ಅಥವಾ ಲಾಲಿಪಾಪ್ ಲೇಡಿ ಅನ್ನುತ್ತಾರೆ. ಇಂಥದ್ದನ್ನು ಕೊಡಲೇಬೇಕು ಅನಿಸಿದರೆ, ಕೊಂಡಿ ಎರಡು ಕಡೆಯವು ಅಂತ ಒಂದು ಸಾಲಿನ ಸುಳಿವು ಕೊಟ್ಟುಬಿಡಿ.

ಅಭ್ಯಾಸಕ್ಕೆ ಎರಡು. ಲೈಟ್, ಎಚ್ ಅಕ್ಷರದ ಒಂದು ಪದ, ಮೇಟ್. ಬ್ರೇಕ್, ಡಿ ಅಕ್ಷರದ ಒಂದು ಪದ, ಟಿ ಅಕ್ಷರದ ಒಂದು ಪದ, ಹಾಲ್, ವೇ. ಬಿಡಿಸಿದಮೇಲೆ ಪ್ರತಿ ಕೊಂಡಿಗೂ ಸೀಮೆಯ ಗುರುತು ಹಾಕಿ. ಉತ್ತರದ ಪದಗಳು ಮೇಲೆಯೇ ಎಲ್ಲೋ ಬಂದಿವೆ.