ಕೈಟ್‌ಬೋರ್ಡಿಂಗ್ ಲೈನ್: ಬಲ ನೋಡಿ ಕೊಳ್ಳಬೇಕೋ, ಅಳತೆ ನೋಡಿ ಕೊಳ್ಳಬೇಕೋ?

ಪ್ರಶ್ನೆ: ದೊಡ್ಡ ಗಾಳಿಪಟದ (ಕೈಟ್) ಎಳೆತದಲ್ಲಿ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಕೈಟ್‌ಬೋರ್ಡಿಂಗನ್ನು ರಾಮೇಶ್ವರದಲ್ಲಿ ಕಲಿತು ಬಂದಿದ್ದೇನೆ. ಬಳಸಿದ ಕೈಟ್ ಮತ್ತು ಅದನ್ನು ನಿಯಂತ್ರಿಸುವ ಹಿಡಿಕೋಲು, ಅಂದರೆ ಬಾರ್, ಒಂದನ್ನು ಕೊಂಡೆ. ಎರಡನ್ನೂ ಜೋಡಿಸುವ ದಾರಗಳು, ಅಂದರೆ ಲೈನ್‌ಗಳು, ತೀರಾ ಹಳೆಯವು. ಹೊಸತು ಹುಡುಕಿದರೆ 200 ಕೆ.ಜಿ.ಯಿಂದ 400 ಕೆ.ಜಿ.ವರೆಗೆ ಬಗೆಬಗೆಯವು ಕಾಣುತ್ತಿವೆ. ನನ್ನ ತೂಕ 75 ಕೆ.ಜಿ. ಎಲ್ಲಕ್ಕಿಂತ ಗಟ್ಟಿಯಾದದ್ದನ್ನೇ ಕೊಂಡುಬಿಟ್ಟರೆ ತಲೆನೋವು ತಪ್ಪುತ್ತದೆ ಅಲ್ಲವೇ?

ಉತ್ತರ: ಒಂದು ತಲೆನೋವು ತಪ್ಪುತ್ತದೆ, ಇನ್ನೊಂದು ಶುರುವಾಗುತ್ತದೆ.

ಮೊದಲು ಆ ಕೆ.ಜಿ. ಲೆಕ್ಕ, ಅಂದರೆ ಲೈನ್ ಎಷ್ಟು ಭಾರಕ್ಕೆ ಕಡಿಯುತ್ತದೆ ಎಂಬುದು. ನಾಲ್ಕು ಲೈನ್‌ಗಳ ಕೈಟ್‌ನಲ್ಲಿ ನಡುವಿನ ಎರಡು ಲೈನ್‌ಗಳು ಕೈಟ್‌ನ ಮುಂದಿನ ಅಂಚಿಗೆ ಹೋಗುತ್ತವೆ. ಸೊಂಟದ ಹಾರ್ನೆಸ್‌ಗೆ ಸಿಕ್ಕಿಸಿಕೊಂಡ ನಿಮ್ಮನ್ನು ಎಳೆಯುವ ಭಾರದಲ್ಲಿ ಬಹುಪಾಲು ಇವುಗಳದ್ದೇ. ಬಾರ್‌ನ ಎರಡು ತುದಿಗಳಿಂದ ಹೊರಡುವ ಹಿಂದಿನ ಲೈನ್‌ಗಳು ಕೈಟ್ ತಿರುಗಿಸಲು ಮತ್ತು ಎಳೆತವನ್ನು ಹೆಚ್ಚುಕಡಿಮೆ ಮಾಡಲು. ಆದ್ದರಿಂದಲೇ ಸಾಮಾನ್ಯವಾಗಿ ಮುಂದಿನವು 300 ಕೆ.ಜಿ. ಆಸುಪಾಸು, ಹಿಂದಿನವು 200 ಕೆ.ಜಿ. ಆಸುಪಾಸು ಇರುತ್ತವೆ. ನೀವು ನೋಡಿದ ಅಂಕಿಗಳ ಗೊಂದಲಕ್ಕೆ ಒಂದು ಕಾರಣ ಇದು. ಇನ್ನೊಂದು, ಕೆಲವರು ಪೌಂಡ್‌ನಲ್ಲಿ ಬರೆದಿರುತ್ತಾರೆ. 500 ಎಂದು ಓದಿ ಹಿಗ್ಗಬೇಡಿ, 500 ಪೌಂಡ್ ಎಂದರೆ ಸುಮಾರು 227 ಕೆ.ಜಿ. ಅಷ್ಟೆ.

75 ಕೆ.ಜಿ. ಆಳಿಗೆ 300 ಕೆ.ಜಿ. ಲೈನ್ ಏಕೆ? ಆ ಬಲ ಹೊಸ ಲೈನ್‌ನದು, ಗಂಟಿಲ್ಲದ್ದು, ನೇರವಾಗಿ ಎಳೆದಾಗಿನದು. ಲೈನ್‌ನ ನಡುವೆ ಗಮನಕ್ಕೆ ಬಾರದ ಒಂದು ಸಣ್ಣ ಗಂಟು ಬಿದ್ದರೆ ಅದರ ಬಲ ಅರ್ಧದಷ್ಟಕ್ಕೆ ಇಳಿಯಬಹುದು. ಮೇಲೆ ಮರಳು, ಬಿಸಿಲು, ದಡದ ಕಪ್ಪೆಚಿಪ್ಪು. ಕೈಟ್ ನೀರಿಗೆ ಬಿದ್ದು ಅಲೆ ಅದನ್ನು ಸೆಳೆದರಂತೂ ಭಾರ ಒಮ್ಮೆಲೇ ಏರುತ್ತದೆ. ಹೀಗೆ ಕಳೆಯುತ್ತ ಹೋದಾಗಲೂ ಕೈಯಲ್ಲಿ ಸಾಕಷ್ಟು ಉಳಿಯಲಿ ಎಂದು ಆ ಅಂಕಿ. ಅಂದರೆ ಉಳಿಕೆಯನ್ನು ಆಗಲೇ ಲೆಕ್ಕ ಹಾಕಿ ಇಟ್ಟಿದ್ದಾರೆ, ನೀವು ಇನ್ನೊಮ್ಮೆ ಹಾಕಬೇಕಿಲ್ಲ.

ಹಾಕಿದರೆ ಏನು ನಷ್ಟ? ಒಂದೇ ಗುಣಮಟ್ಟದ ನಾರಿನಲ್ಲಿ ಬಲ ಹೆಚ್ಚಿದಷ್ಟೂ ಲೈನ್ ದಪ್ಪವಾಗುತ್ತದೆ. 24 ಮೀಟರ್‌ನ ನಾಲ್ಕು ಲೈನ್ ಎಂದರೆ 96 ಮೀಟರ್. ಒಂದೂವರೆ ಮಿಲಿಮೀಟರ್ ದಪ್ಪವಿದ್ದರೂ ಗಾಳಿಗೆ ಎದುರಾಗುವ ಅಗಲವನ್ನೆಲ್ಲ ಕೂಡಿಸಿದರೆ 0.144 ಚದರ ಮೀಟರ್. ಎರಡು ಮಿಲಿಮೀಟರ್ ಆದರೆ 0.192. ಗಾಳಿ ಅಷ್ಟನ್ನೂ ಹಿಂದಕ್ಕೆ ತಳ್ಳುತ್ತದೆ. ಲೈನ್ ಹೊಟ್ಟೆ ಬಿಟ್ಟು ಬಾಗುತ್ತದೆ, ನೀವು ಬಾರ್ ತಿರುಗಿಸಿದ್ದು ಕೈಟ್‌ಗೆ ತಡವಾಗಿ ತಿಳಿಯುತ್ತದೆ. ಮಂದ ಗಾಳಿಯ ದಿನ ಇದು ಚೆನ್ನಾಗಿಯೇ ಅರಿವಾಗುತ್ತದೆ.

ನಾನಾದರೆ ಬಲಕ್ಕಿಂತ ಮೊದಲು ಕೇಳುವುದು ಅಳತೆಯನ್ನು: ಈ ಲೈನ್ ಕೊಂಡಾಗ ಇದ್ದಷ್ಟೇ ಉದ್ದ ಉಳಿಯುತ್ತದೆಯೇ? ಒಳ್ಳೆಯ ಲೈನ್‌ಗಳೆಲ್ಲ ಡೈನೀಮಾ ಅಥವಾ ಸ್ಪೆಕ್ಟ್ರಾ ಎಂಬ ಹೆಸರಿನ ನಾರಿನವು. ಹಾಲಿನ ಪ್ಯಾಕೆಟ್ ಇದೆಯಲ್ಲ, ಅದೇ ಪಾಲಿಥೀನ್ ಕುಲ. ಅಣುಸರಪಳಿಗಳನ್ನು ಬಹಳ ಉದ್ದವಾಗಿಸಿ ಒಂದೇ ದಿಕ್ಕಿಗೆ ಎಳೆದು ನಿಲ್ಲಿಸಿದ್ದಾರೆ ಅಷ್ಟೆ. ನೀರಿನಲ್ಲಿ ತೇಲುತ್ತದೆ, ತೀರಾ ಕಡಿಮೆ ಹಿಗ್ಗುತ್ತದೆ. ಆದರೆ ನಾರು ಹಿಗ್ಗದಿದ್ದರೂ ಹೆಣಿಗೆ ಹಿಗ್ಗುತ್ತದೆ. ಸಡಿಲವಾಗಿ ಹೆಣೆದದ್ದು ಮೊದಲ ಕೆಲವು ದಿನಗಳ ಎಳೆತದಲ್ಲಿ ಬಿಗಿಯಾಗುತ್ತ ಉದ್ದವಾಗುತ್ತದೆ. ಇದಕ್ಕಾಗಿಯೇ ಒಳ್ಳೆಯ ತಯಾರಕರು ಬಿಸಿ ಮತ್ತು ಎಳೆತ ಕೊಟ್ಟು ಮೊದಲೇ ಹಿಗ್ಗಿಸಿ ಮಾರುತ್ತಾರೆ. ಮೀನು ಹಿಡಿಯುವ ಹೆಣೆದ ದಾರವೂ ಇದೇ ನಾರಿನದು, ಅಗ್ಗವೂ ಹೌದು. ಆದರೂ ಅದನ್ನು ತಂದು ಕಟ್ಟಬೇಡಿ ಎನ್ನುವುದು ಈ ಕಾರಣಕ್ಕೇ.

ಹೆಚ್ಚು ಭಾರ ಹೊರುವ ಮುಂದಿನ ಜೋಡಿ ಹಿಂದಿನದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಆಗ ಹಿಂದಿನವು ಗಿಡ್ಡವಾದಂತೆ ಆಗಿ, ಕೈಟ್‌ನ ಹಿಂಭಾಗ ಸದಾ ಕೆಳಕ್ಕೆ ಎಳೆದುಕೊಂಡೇ ಇರುತ್ತದೆ. ಕೈಟ್ ಗಾಳಿಯನ್ನು ಬಿಟ್ಟು ಹಿಮ್ಮುಖವಾಗಿ ಜಾರಿ ಬೀಳತೊಡಗುತ್ತದೆ. ಹೊಸಬರು ತಮ್ಮ ಕೈಚಳಕವನ್ನು ಹಳಿದುಕೊಳ್ಳುವುದು, ಕೈಟನ್ನೇ ಮಾರಿಬಿಡುವುದು ಇಲ್ಲಿ. ಪಾಪ, ಕೈಟ್‌ನ ತಪ್ಪೇನೂ ಇರುವುದಿಲ್ಲ. ಎಡಬಲದ ಲೈನ್‌ಗಳಲ್ಲಿ ವ್ಯತ್ಯಾಸ ಬಂದರೆ ಬಾರ್ ನೇರವಾಗಿ ಹಿಡಿದರೂ ಕೈಟ್ ಒಂದು ಕಡೆಗೇ ವಾಲುತ್ತದೆ. ಹಾಗಾಗಿ ಒಂದು ಲೈನ್ ಕಡಿದರೆ ಒಂದನ್ನೇ ಬದಲಾಯಿಸಬೇಡಿ, ಜೋಡಿಯನ್ನೇ ಬದಲಾಯಿಸಿ. ನಿಮ್ಮದರಂತೆ ಎಲ್ಲವೂ ಹಳೆಯದಾಗಿದ್ದರೆ ನಾಲ್ಕನ್ನೂ.

ತುದಿಗಳನ್ನು ಕಣ್ಣಿಟ್ಟು ನೋಡಿ. ಈ ನಾರು ಎಷ್ಟು ನುಣುಪು ಎಂದರೆ ಸಾಮಾನ್ಯ ಗಂಟು ನಿಲ್ಲದೆ ಜಾರುತ್ತದೆ. ಅದಕ್ಕೇ ತುದಿಯನ್ನು ಮಡಚಿ, ಮೇಲೊಂದು ಕವಚ ತೊಡಿಸಿ, ಹೊಲಿದು ಕುಣಿಕೆ ಮಾಡಿರುತ್ತಾರೆ. ಕವಚವಿಲ್ಲದ, ಹೊಲಿಗೆ ಸಡಿಲವಾದ ಲೈನ್ 400 ಕೆ.ಜಿ. ಎಂದು ಕೂಗಿ ಹೇಳಿದರೂ ನನಗೆ ಬೇಡ.

ಇನ್ನು ಕಡಿಯುವುದರ ವಿಚಾರ. ಮಾಂಜಾ ದಾರಕ್ಕೆ ಗಾಜಿನ ಪುಡಿ ಬೇಕು; ಇದಕ್ಕೆ ಅದೂ ಬೇಡ. ಈ ನಾರು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಇಬ್ಬರ ಕೈಟ್‌ಗಳು ಸಿಕ್ಕಿಕೊಂಡು ಬಿಗಿಯಾದ ಒಂದು ಲೈನ್ ಇನ್ನೊಂದರ ಮೇಲೆ ಒಂದೇ ಜಾಗದಲ್ಲಿ ಉಜ್ಜಿದರೆ ಆ ಬಿಸಿಯೇ ಸಾಕು. ಹಾಗೆ ಸಿಕ್ಕಿಕೊಂಡ ದಿನ ದಡಕ್ಕೆ ಬಂದು ಇಡೀ ಉದ್ದವನ್ನು ಬೆರಳ ನಡುವೆ ಹಾಯಿಸಿ ನೋಡಿ. ಒರಟಾದ, ಚಪ್ಪಟೆಯಾದ, ಗಾಜಿನಂತೆ ಗಡುಸಾದ ಜಾಗ ಸಿಕ್ಕಿದರೆ ಆ ಲೈನ್ ಮುಗಿಯಿತು. ಗಂಟು ಸಿಕ್ಕಿದರೆ ಸೂಜಿಯಿಂದ ಬಿಡಿಸಲು ಯತ್ನಿಸಿ, ಬಿಡದಿದ್ದರೆ ಅದೂ ಮುಗಿದಂತೆ.

ಕೊಳ್ಳುವ ಮುನ್ನ ನಿಮ್ಮ ಕೈಟ್ ಮತ್ತು ಬಾರ್ ತಯಾರಕರು ಹೇಳಿದ ಉದ್ದವನ್ನು ನೋಡಿಕೊಳ್ಳಿ, ಅಂದಾಜಿನಲ್ಲಿ ತರಬೇಡಿ. ಹೊಸ ಲೈನ್ ಕಟ್ಟಿದ ಮೇಲೆ ನಾಲ್ಕೂ ತುದಿಗಳನ್ನು ಒಂದೇ ಕಂಬಕ್ಕೆ ಸಿಕ್ಕಿಸಿ, ಮುಂದಿನ ಲೈನ್‌ಗಳ ಉದ್ದವನ್ನು ಹೊಂದಿಸುವ ಟ್ರಿಮ್ ಪಟ್ಟಿಯನ್ನು ಪೂರ್ತಿ ಬಿಟ್ಟು, ಬಾರನ್ನು ಮೈಯ ಕಡೆಗೆ ಪೂರ್ತಿ ಎಳೆಯಿರಿ. ಹೆಚ್ಚಿನ ಬಾರ್‌ಗಳಲ್ಲಿ ಆಗ ನಾಲ್ಕೂ ಒಂದೇ ಬಿಗಿಯಲ್ಲಿರಬೇಕು, ಬಾರ್ ಓರೆಯಾಗಬಾರದು. ಹಿಂದಿನವು ಗಿಡ್ಡವೆನಿಸಿದರೆ ಅವನ್ನು ಬಾರ್ ತುದಿಯ ಗಿಡ್ಡ ದಾರದಲ್ಲಿರುವ (ಲೀಡರ್ ಲೈನ್) ಗಂಟುಗಳಲ್ಲಿ ಬಾರ್‌ನಿಂದ ದೂರದ್ದಕ್ಕೆ ಬದಲಾಯಿಸಿ. ನಾಲ್ಕೈದು ದಿನ ಗಾಳಿಯಲ್ಲಿ ಆಡಿದ ಮೇಲೆ ಅದೇ ಕಂಬಕ್ಕೆ ಕಟ್ಟಿ ಮತ್ತೊಮ್ಮೆ ಅಳೆಯಿರಿ.