ಸ್ಟೆರಿಲೈಸ್ ಅಂದರೆ ತೊಳೆಯುವುದಲ್ಲ

ಬಾಟಲಿಗೆ ಬಿಸಿನೀರು ಸುರಿದು ‘ಸ್ಟೆರಿಲೈಸ್ ಮಾಡಿದೆ’ ಅನ್ನುತ್ತಾರೆ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದರೂ ಅದೇ ಮಾತು. ಕೈಗೆ ಜೆಲ್ ಹಚ್ಚಿಕೊಂಡರೂ ಅದೇ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕ್ಲೀನ್ ಮಾಡಿ, ಯಾರು ಬೇಡ ಅಂದರು? ಆದರೆ ಈ ಕ್ರಿಯಾಪದಕ್ಕೆ ‘ಚೆನ್ನಾಗಿ ತೊಳೆ’ ಎಂಬ ಅರ್ಥ ಇಲ್ಲವೇ ಇಲ್ಲ. ತೊಳೆಯುವುದರಲ್ಲಿ ಕಮ್ಮಿ ಜಾಸ್ತಿ ಉಂಟು. ಸ್ಟೆರಿಲೈಸ್ ಆದ ವಸ್ತುವಿನ ಮೇಲೆ ಜೀವ ಇರುವ ಒಂದು ಕ್ರಿಮಿಯೂ ಉಳಿದಿರಬಾರದು.

ಮೂಲ ಲ್ಯಾಟಿನ್ ಪದ ಸ್ಟೆರಿಲಿಸ್. ಅಂದರೆ ಬಂಜರು, ಫಲ ಕೊಡದ್ದು. ಸಂತಾನಹರಣ ಶಸ್ತ್ರಚಿಕಿತ್ಸೆಗೂ ಇಂಗ್ಲಿಷಿನಲ್ಲಿ ಇದೇ ಕ್ರಿಯಾಪದ. ಎರಡಕ್ಕೂ ಏನೂ ಸಂಬಂಧವಿಲ್ಲ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಇದೆ! ಬ್ಯಾಕ್ಟೀರಿಯಾ ಸತ್ತಿದೆ ಅಂತ ಲ್ಯಾಬಿನವರು ಹೇಗೆ ಹೇಳುತ್ತಾರೆ? ಹಿಡಿದು ನೋಡೋಣವೆಂದರೆ ಅದಕ್ಕೆ ನಾಡಿ ಇಲ್ಲ. ಆಹಾರ ಕೊಟ್ಟು, ಬೆಚ್ಚಗಿಟ್ಟು, ಸುಮ್ನೆ ಕಾಯುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಗುಂಪು ಬೆಳೆಯಿತೋ, ಬದುಕಿದೆ. ಬೆಳೆಯಲಿಲ್ಲವೋ, ಸತ್ತಿದೆ ಎಂದು ಲೆಕ್ಕ. ಕ್ರಿಮಿಯ ಪಾಲಿಗೆ ವಂಶ ನಿಲ್ಲುವುದೇ ಸಾವು.

ಹಾಗಾದರೆ ಕುದಿಸಿದರೆ ಸಾಲದೇ? ಮಾಮೂಲಿ ಕ್ರಿಮಿಗಳಿಗೆ ಧಾರಾಳವಾಗಿ ಸಾಕು. ಕುದಿಸಿದ ನೀರು ಕುಡಿಯಲು ಹೆದರಬೇಡಿ. ತೊಂದರೆ ಇರುವುದು ಸ್ಪೋರ್‌ಗಳದ್ದು. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ನೀರಿನಂಶ ಕಳೆದುಕೊಂಡು, ಗಟ್ಟಿ ಪದರಗಳೊಳಗೆ ಮುದುಡಿ ಕೂರುತ್ತವೆ. ಮಳೆಗೆ ಕಾದ ಬೀಜದ ಹಾಗೆ. ಅಥವಾ ಸಾಮಾನು ಕಟ್ಟಿಟ್ಟು, ಬೀಗ ಜಡಿದ ಮನೆಯ ಹಾಗೆ. ಉಸಿರಾಟ ಇಲ್ಲ, ಊಟ ಇಲ್ಲ. ಬಾಗಿಲು ತಟ್ಟಿದರೂ ತೆಗೆಯುವವರಿಲ್ಲ. ಆಲ್ಕೋಹಾಲಿಗೂ ಇವು ಜಗ್ಗುವುದಿಲ್ಲ.

1870ರ ದಶಕದಲ್ಲಿ ಜಾನ್ ಟಿಂಡಾಲ್ ಎಂಬ ವಿಜ್ಞಾನಿಗೆ ಇವು ಸಾಕುಸಾಕು ಮಾಡಿದವು. ಒಣಹುಲ್ಲು ನೆನೆಸಿದ ನೀರನ್ನು ಎಷ್ಟು ಕುದಿಸಿದರೂ ಮತ್ತೆ ಕೆಡುತ್ತಿತ್ತು. ಆಮೇಲೆ ಅವರಿಗೊಂದು ಉಪಾಯ ಹೊಳೆಯಿತು. ಸ್ವಲ್ಪ ಹೊತ್ತು ಕುದಿಸಿ ಬಿಡಿ. ಅಪಾಯ ಕಳೆಯಿತೆಂದು ಸ್ಪೋರ್‌ಗಳು ಮೊಳೆಯುತ್ತವೆ. ಆಗ ಮತ್ತೆ ಕುದಿಸಿ. ಹೀಗೇ ಎರಡು ಮೂರು ಸಲ. ಬೀಗ ಒಡೆಯುವುದಲ್ಲ, ಮನೆಯವರು ಹೊರಗೆ ಬರುವ ತನಕ ಕಾಯುವುದು! ಬಲು ಚಂದದ ಕುತಂತ್ರ, ಅಲ್ವಾ?

1879ರಲ್ಲಿ ಫ್ರಾನ್ಸಿನ ವಿಜ್ಞಾನಿ ಷಾರ್ಲ್ ಷಾಂಬರ್ಲಾಂ ತಂದ ಆಟೋಕ್ಲೇವ್‌ಗೆ ಈ ತಾಳ್ಮೆ ಬೇಕಿಲ್ಲ. ಅದು ಪ್ರೆಶರ್ ಕುಕ್ಕರಿನ ಅಣ್ಣ. ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್‌ನ ಹಬೆ, 15 ನಿಮಿಷ. ಒಣ ಬಿಸಿಯಲ್ಲಾದರೆ 160 ಡಿಗ್ರಿಯಲ್ಲಿ 2 ಗಂಟೆ ಬೇಕು. ಯಾಕೆ? ಬಿಸಿ ಓವನ್ ಒಳಗೆ ಒಂದು ಕ್ಷಣ ಕೈ ಹಾಕಿ ತೆಗೆಯಬಹುದು. ಕುಕ್ಕರಿನ ಹಬೆಗೆ ಕೈ ಒಡ್ಡಿದರೆ ತಕ್ಷಣ ಬೊಬ್ಬೆ. ಹಬೆ ತಣ್ಣನೆಯದನ್ನು ಮುಟ್ಟಿ ನೀರಾಗುವಾಗ ಹೊತ್ತು ತಂದ ಶಾಖವನ್ನೆಲ್ಲ ಅಲ್ಲೇ ಸುರಿಯುತ್ತದೆ. ಆ ಒದ್ದೆ ಬಿಸಿಗೆ ಸ್ಪೋರಿನೊಳಗಿನ ಪ್ರೋಟೀನುಗಳು ಬೇಗ ಕೆಡುತ್ತವೆ.

‘ಒಂದೂ ಉಳಿಯಬಾರದು’ ಅಂದೆನಲ್ಲ, ಈಗ ನಾನೇ ಸಿಕ್ಕಿಬಿದ್ದೆ. ಕ್ರಿಮಿಗಳು ಒಟ್ಟಿಗೇ ಸಾಯುವುದಿಲ್ಲ. ಪ್ರತಿ ನಿಮಿಷಕ್ಕೆ ಹತ್ತರಲ್ಲಿ ಒಂಬತ್ತು ಸಾಯುತ್ತವೆ ಅಂದುಕೊಳ್ಳಿ. 10 ಲಕ್ಷ ಇದ್ದದ್ದು 3 ನಿಮಿಷಕ್ಕೆ 1,000. ಜೆಲ್ ಸೀಸೆಗಳ ಮೇಲಿನ ‘99.9%’ ಅಂದರೆ ಇಷ್ಟೇ! 6 ನಿಮಿಷಕ್ಕೆ 1. ಮುಂದೆ? 0.1, ಅಂದರೆ ಹತ್ತು ಉಪಕರಣಗಳಲ್ಲಿ ಒಂದರಲ್ಲಿ ಒಂದು ಕ್ರಿಮಿ. ಆಮೇಲೆ 0.01... ಸೊನ್ನೆ ಬರುವುದೇ ಇಲ್ಲ. ಅದಕ್ಕೇ 10 ಲಕ್ಷ ಉಪಕರಣಗಳಲ್ಲಿ ಒಂದರಲ್ಲಿ ಮಾತ್ರ ಕ್ರಿಮಿ ಉಳಿದಿರಬಹುದು ಎನ್ನುವ ಮಟ್ಟಕ್ಕೆ ಬಂದರೆ ಸ್ಟೆರೈಲ್ ಅಂತ ಒಪ್ಪುತ್ತಾರೆ.

ಯಂತ್ರ ಸರಿಯಾಗಿ ಕೆಲಸ ಮಾಡಿದೆಯೋ ಎಂದು ನೋಡಲು ಆಸ್ಪತ್ರೆಗಳಲ್ಲಿ ಉಪಕರಣಗಳ ಜೊತೆ ಒಂದು ಚಿಕ್ಕ ಕಾಗದದ ತುಂಡು ಇಡುತ್ತಾರೆ. ಅದರಲ್ಲಿ ಬೇಕಂತಲೇ ಹಾಕಿದ ಜೀವಂತ ಸ್ಪೋರ್‌ಗಳಿರುತ್ತವೆ. ಹಬೆಗೆ ಹಠ ಹಿಡಿದು ನಿಲ್ಲುವ ಜಾತಿ, ಹೆಸರು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್. ಹೊರತೆಗೆದ ಮೇಲೆ ಅದಕ್ಕೆ ಊಟ ಹಾಕಿ, ಬೆಚ್ಚಗಿಟ್ಟು, ಮರಿ ಹಾಕುತ್ತದೋ ಎಂದು ಕಾಯುತ್ತಾರೆ.