ಕಪ್ಪು ಬಟ್ಟೆಯ ಮುಂದೆ ಊದುವ ತಲೆ

1901ರ ಒಂದು ಪುಟ್ಟ ಚಿತ್ರದಲ್ಲಿ ಫ್ರಾನ್ಸಿನ ಜಾದೂಗಾರ, ಚಿತ್ರ ನಿರ್ಮಾಪಕ ಜಾರ್ಜ್ ಮೆಲಿಯೆಸ್ ತನ್ನದೇ ತಲೆಯನ್ನು ಮೇಜಿನ ಮೇಲಿಟ್ಟು ತಿದಿಯೊತ್ತಿ ಬಲೂನಿನಂತೆ ಊದಿಸುತ್ತಾನೆ. ಅಸಲಿಗೆ ತಲೆ ಊದುತ್ತಿರಲಿಲ್ಲ, ಕ್ಯಾಮೆರಾದ ಹತ್ತಿರ ಬರುತ್ತಿತ್ತು. ಕತ್ತಿನ ಕೆಳಗೆಲ್ಲ ಕಪ್ಪು ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತ ಅವನನ್ನು ಇಳಿಜಾರು ಹಲಗೆಯ ಮೇಲೆ ಎಳೆಯುತ್ತಿದ್ದರು. ಇಳಿಜಾರೇ ಏಕೆ? ಸಮತಟ್ಟು ನೆಲದಲ್ಲಿ ಎಳೆದರೆ, ಹತ್ತಿರ ಬಂದಂತೆ ಗಲ್ಲ ಚೌಕಟ್ಟಿನಲ್ಲಿ ಕೆಳಕ್ಕೆ ಜಾರಿ ಮೇಜಿನೊಳಗೆ ಇಳಿದಂತೆ ಕಾಣುತ್ತದೆ. ಅದು ಎಷ್ಟು ಜಾರುತ್ತದೋ ಅಷ್ಟು ಮೇಲಕ್ಕೆತ್ತುವುದು ಹಲಗೆಯ ಕೆಲಸ.

ತಿದಿ ಒತ್ತುವವನೂ ಅವನೇ ಆದ್ದರಿಂದ ಒಂದೇ ಫಿಲ್ಮನ್ನು ಎರಡು ಸಲ ಓಡಿಸಬೇಕಿತ್ತು. ಕಪ್ಪು ಜಾಗದಿಂದ ಬೆಳಕು ಬಾರದು, ಅಲ್ಲಿ ಫಿಲ್ಮ್ ಹಾಗೇ ಉಳಿಯುತ್ತದೆ. ಹಿಂದಕ್ಕೆ ಸುತ್ತಿ ಆ ಜಾಗದಲ್ಲಿ ತಲೆಯನ್ನು ತುಂಬಬಹುದು. ಬಟ್ಟೆ ತುಸು ಹೊಳೆದರೂ ಮಸುಕು ಪರದೆಯೊಂದು ಮೂಡಿ ಗುಟ್ಟು ರಟ್ಟು! ಕ್ಯಾಮೆರಾದ ಕೈಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ 8 ಚೌಕಟ್ಟು (ಫಿಲ್ಮಿನ ಬಿಡಿ ಚಿತ್ರ), ಸೆಕೆಂಡಿಗೆ ಸುಮಾರು ಎರಡು ಸುತ್ತು. ಒಂದು ಸುತ್ತು ಎಣಿಕೆ ತಪ್ಪಿದರೆ ಅರ್ಧ ಸೆಕೆಂಡು ಹೋಯಿತು, ತಿದಿ ಒತ್ತುವ ಮೊದಲೇ ತಲೆ ಊದಿರುತ್ತದೆ. 1900ರಲ್ಲಿ ಒಂದೇ ಚಿತ್ರದಲ್ಲಿ ಏಳು ಮೆಲಿಯೆಸರು ಕೂತು ವಾದ್ಯ ನುಡಿಸಿದ್ದಾರೆ. ಆರನೆಯವನು ತಪ್ಪಿದರೂ ಹಿಂದಿನ ಐದೂ ದಂಡ.

ಪ್ಯಾರಿಸ್ಸಿನ ಆಪೆರಾ ಚೌಕದಲ್ಲಿ ಕ್ಯಾಮೆರಾ ಸಿಕ್ಕಿಕೊಂಡು ಮತ್ತೆ ಓಡುವಷ್ಟರಲ್ಲಿ ಬಸ್ಸಿದ್ದ ಜಾಗಕ್ಕೆ ಶವದ ಗಾಡಿ ಬಂದಿತ್ತು, ತೆರೆಯ ಮೇಲೆ ಬಸ್ಸೇ ಶವದ ಗಾಡಿಯಾಗಿ ಬದಲಾಯಿತು, ಮಾಯ ಮಾಡುವ ಉಪಾಯ ಹೊಳೆದದ್ದು ಅಲ್ಲೇ ಎಂದು ಅವನೇ ಹೇಳಿಕೊಂಡಿದ್ದಾನೆ. ಜಾದೂಗಾರನ ಮಾತು, ಪೂರ್ತಿ ನಂಬಬೇಕಿಲ್ಲ. ಕ್ಯಾಮೆರಾ ನಿಲ್ಲಿಸಿ ಆಳನ್ನು ಬದಲಿಸಿದರಷ್ಟೇ ಸಾಲದು. ನಿಲ್ಲುವಾಗ, ಹೊರಡುವಾಗ ಕೈ ನಿಧಾನವಾಗಿ, ಆ ಚೌಕಟ್ಟುಗಳಿಗೆ ಹೆಚ್ಚು ಬೆಳಕು ಬಿದ್ದು ಬೆಳ್ಳಗಾಗುತ್ತವೆ. ಅವನ್ನು ಕತ್ತರಿಸಿ ತೆಗೆದು ಅಂಟಿಸಬೇಕು. ಉಳಿದಿರುವ ಪ್ರತಿಗಳಲ್ಲಿ ಆ ಅಂಟು ಗುರುತು ಇಂದಿಗೂ ಕಾಣುತ್ತದೆ.

1897ರಲ್ಲಿ ಪ್ಯಾರಿಸ್ ಬಳಿಯ ಮೊಂತ್ರೈಯಲ್ಲಿ ಕಟ್ಟಿಸಿದ ಗಾಜಿನ ಸ್ಟುಡಿಯೊದಲ್ಲಿ ಹಿನ್ನೆಲೆಯ ಪರದೆಗಳಿಗೆಲ್ಲ ಬೂದು ಬಣ್ಣವೇ. ಆಗಿನ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ಕಪ್ಪಾಗುತ್ತಿತ್ತು, ನೀಲಿ ಬಿಳಿಯಾಗುತ್ತಿತ್ತು. 1902ರ ಚಂದ್ರಯಾನದ ಚಿತ್ರದಲ್ಲಿ ಬಣ್ಣ ಬೇಕೆಂದವರಿಗೆ ಪ್ರತಿಗಳ ಮೇಲೆ ಚೌಕಟ್ಟು ಚೌಕಟ್ಟಿಗೂ ಕುಂಚದಲ್ಲಿ ಹಚ್ಚಿ ಕೊಡುತ್ತಿದ್ದರು.

ಮೆಲಿಯೆಸ್ ಬೂಟು ತಯಾರಕನ ಮಗ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರೆಂಚ್ ಸೈನ್ಯ ಅವನ ನೂರಾರು ಪ್ರತಿಗಳನ್ನು ವಶಪಡಿಸಿಕೊಂಡು ಕರಗಿಸಿತು. ಅದರ ಸೆಲ್ಯುಲಾಯ್ಡ್ ಹೋದದ್ದು ಬೂಟಿನ ಹಿಮ್ಮಡಿಗೆ.